ಮಗಳ ಫಾರಂನಲ್ಲಿ ನಾನು ವಿದೇಶಿ

ಇವರಿಗೆ:
ಮಾನ್ಯ ಭದ್ರತಾ ಪರಿಶೀಲನಾಧಿಕಾರಿಗಳು (ಯಾವ ದೇಶದವರಾದರೂ ಸರಿ)

ಇವರಿಂದ:
ಒಬ್ಬ ನಿವೃತ್ತ ನೌಕರ, ಯಲಹಂಕ ಉಪನಗರ, ಬೆಂಗಳೂರು

ವಿಷಯ: ವಿದೇಶಿ ಸಂಬಂಧಿಯಾದ ನನ್ನನ್ನು ನಾನೇ ತಮಗೆ ಒಪ್ಪಿಸಿಕೊಳ್ಳುತ್ತಿರುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನನ್ನ ಮಗಳು ಈಗ ಅಮೆರಿಕದ ಪ್ರಜೆ. ಅಲ್ಲಿನ ರಕ್ಷಣಾ ಇಲಾಖೆಯ ಗುತ್ತಿಗೆ ಹಿಡಿದ ಕಂಪನಿಯೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿದೆ. ಸಿಕ್ಕಿದೆ ಎಂದರೆ ಅರ್ಧ ಸಿಕ್ಕಿದೆ, ಉಳಿದರ್ಧ ತಮ್ಮ ಸಹಿಯಲ್ಲಿದೆ. ಅದಕ್ಕಾಗಿ ಅವಳು ಎಸ್‌ಎಫ್-86 ಎಂಬ, ನೂರು ಪುಟ ಮೀರಿದ ಫಾರಂ ತುಂಬುತ್ತಿದ್ದಾಳೆ. ಅದರ 18ನೇ ಭಾಗ ಬಂಧುಗಳದ್ದು. ಹೆತ್ತವರು, ಒಡಹುಟ್ಟಿದವರು, ಅತ್ತೆ ಮಾವ, ಎಲ್ಲರೂ ಅಲ್ಲಿ ಬರಬೇಕು. ನಮ್ಮ ಬೀಗರು ಆರ್‌.ಟಿ. ನಗರದವರು. ಮದುವೆಯಲ್ಲಿ ಎರಡನೇ ಪಂಕ್ತಿಗೆ ಹೋಳಿಗೆ ಸಾಲಲಿಲ್ಲವೆಂದು ಮುನಿಸಿಕೊಂಡು ಹೋದವರು ಇವತ್ತಿಗೂ ನಮ್ಮ ಮನೆಯ ಮೆಟ್ಟಿಲು ಹತ್ತಿಲ್ಲ. ಎರಡೂ ಮನೆಯವರನ್ನು ಒಂದೇ ಕಡೆ ಕೂರಿಸಿದ ಪುಣ್ಯ ನಿಮ್ಮ ಫಾರಂನದು.

ಪ್ರತಿ ವಿದೇಶಿ ಬಂಧುವಿನ ಹೆಸರಿನ ಕೆಳಗೆ ಒಂದು ಪ್ರಶ್ನೆ ಇದೆ: ಇವರಿಗೆ ಯಾವುದೇ ವಿದೇಶಿ ಸರ್ಕಾರ, ಸೇನೆ, ರಕ್ಷಣಾ ಉದ್ಯಮ ಅಥವಾ ಗುಪ್ತಚರ ಸಂಸ್ಥೆಯ ಜೊತೆ ನಂಟಿದೆಯೇ? ಇದೆ ಸ್ವಾಮಿ. ನಾನು ಜಾಲಹಳ್ಳಿ ಕಡೆಯ ರಕ್ಷಣಾ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತನಾದವನು. ಹೆಸರು ಬೇಡ, ನೀವು ಈಗಾಗಲೇ ಊಹಿಸಿದ್ದೀರಿ. ನನ್ನ ಮೇಜಿನ ಮೇಲೆ ಹಾದುಹೋದ ‘ಗೌಪ್ಯ’ ಮುದ್ರೆಯ ಕಾಗದಗಳಲ್ಲಿ ಕ್ಯಾಂಟೀನ್ ಸಮಿತಿಯ ಜಗಳಗಳೇ ಹೆಚ್ಚಿದ್ದವು. ಅದಿರಲಿ. ನನ್ನ ಸರ್ಕಾರ ನನ್ನನ್ನು ವಿಚಾರಿಸಿ, ಪೊಲೀಸರಿಂದ ತನಿಖೆ ಮಾಡಿಸಿ, ನಂಬಿ, ಒಳಗೆ ಬಿಟ್ಟುಕೊಂಡಿತು. ನನ್ನ ದೇಶ ನನ್ನನ್ನು ನಂಬಿತು ಎನ್ನುವುದೇ ಈಗ ನನ್ನ ಮಗಳನ್ನು ನೀವು ಅನುಮಾನಿಸಲು ಕಾರಣ. ಯಾರೂ ನಂಬದ ಅಪ್ಪ ಇದ್ದಿದ್ದರೆ ಅವಳ ಅರ್ಜಿ ಹಗುರಾಗುತ್ತಿತ್ತು.

ಮುಂದಿನ ಪ್ರಶ್ನೆ ಇನ್ನೂ ಸೊಗಸು. ಈ ವಿದೇಶೀಯರ ಜೊತೆ ಎಷ್ಟು ಸಲ ಸಂಪರ್ಕ? ದಿನವೂ, ವಾರಕ್ಕೊಮ್ಮೆ, ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ. ಒಂದು ಚೌಕಕ್ಕೆ ಗುರುತು ಹಾಕಬೇಕು. ಮಗಳು ‘ದಿನವೂ’ ಎಂದು ಹಾಕಿದಳು. ಪಕ್ಕದಲ್ಲಿ ಕೂತು ಮೊಬೈಲ್ ಇಣುಕುತ್ತಿದ್ದ ನನ್ನ ಹೆಂಡತಿ ಗಾಬರಿಬಿದ್ದಳು.

“ರೀ, ದಿನಾ ಅಂತ ಯಾಕೆ ಹಾಕ್ತಾಳೆ? ತಿಂಗಳಿಗೊಂದ್ಸಲ ಅಂತ ಹಾಕೋಕೆ ಹೇಳಿ.”

“ಸುಳ್ಳು ಬರೆದ್ರೆ ಕೆಲಸ ಹೋಗೋದಷ್ಟೇ ಅಲ್ವೇ, ಜೈಲು.”

“ಹಾಗಾದ್ರೆ ನಾಳೆಯಿಂದ ನಾವೇ ತಿಂಗಳಿಗೊಂದ್ಸಲ ಮಾತಾಡೋಣ ಬಿಡಿ. ಆಗ ಸುಳ್ಳೂ ಆಗಲ್ಲ.”

ದಿನವೂ ನಡೆಯುವ ಆ ಸಂಭಾಷಣೆಯ ಸಾರಾಂಶವನ್ನು ತಮ್ಮ ಅವಗಾಹನೆಗೆ ತರುವುದು ನನ್ನ ಕರ್ತವ್ಯ. ಹುರುಳಿಕಾಳು ಬಸ್ಸಾರಿಗೆ ಕಾಳು ಎಷ್ಟು ಬೇಯಬೇಕು, ಮೊಮ್ಮಗನ ನೆಗಡಿ, ಹೆಬ್ಬಾಳದ ಮೇಲ್ಸೇತುವೆಯಲ್ಲಿ ನಾನು ಎಷ್ಟು ಹೊತ್ತು ನಿಂತಿದ್ದೆ. ಕೊನೆಯದು ರಾಷ್ಟ್ರೀಯ ಮಹತ್ವದ ಮಾಹಿತಿ ಎಂದು ನಿಮಗೆ ಅನ್ನಿಸಿದರೆ ನನ್ನ ತಕರಾರಿಲ್ಲ.

ನಿಮ್ಮ ನಿಯಮಾವಳಿಯಲ್ಲಿ ಒಟ್ಟು 13 ಮಾರ್ಗಸೂಚಿಗಳಿವೆ, ಅವುಗಳಲ್ಲಿ ‘ಬಿ’ ಎಂಬುದರ ಹೆಸರೇ ವಿದೇಶಿ ಪ್ರಭಾವ. ಈಗಿನ ರೂಪದಲ್ಲಿ ಅದು ಜಾರಿಗೆ ಬಂದಿದ್ದು 2017ರ ಜೂನ್ 8ರಂದು. ವಿದೇಶದಲ್ಲಿರುವ ಬಂಧುವಿನ ಮೂಲಕ ಅರ್ಜಿದಾರರ ಮೇಲೆ ಆಮಿಷ, ಒತ್ತಡ, ಬಲವಂತ ಬರುವ ಸಂಭವವಿದೆಯೇ ಎಂದು ಅದು ಕೇಳುತ್ತದೆ. ಪ್ರಾಮಾಣಿಕವಾಗಿ ಉತ್ತರಿಸುತ್ತೇನೆ. ಒತ್ತಡ ಇದೆ: ವರಮಹಾಲಕ್ಷ್ಮಿಗೆ ಬಾ ಎಂದು ನಾವು ಪ್ರತಿವರ್ಷ ಹಿಂಸೆ ಕೊಡುತ್ತೇವೆ. ಬಲವಂತವೂ ಇದೆ: ಎರಡನೇ ಮಗುವಿನ ವಿಚಾರದಲ್ಲಿ ಆರ್‌.ಟಿ. ನಗರದಿಂದ. ಆಮಿಷ ಎಂದರೆ ಗೌರಿ ಹಬ್ಬಕ್ಕೆ ತವರಿನಿಂದ ಕಳಿಸುವ ಬಾಗಿನದ ದುಡ್ಡು. ಅದನ್ನು ವಿದೇಶಿ ಹಣ ಎಂದು ತೋರಿಸಬೇಕೋ ಬೇಡವೋ ಎಂದು ಮಗಳು ಅರ್ಧ ದಿನ ಯೋಚಿಸಿದ್ದಾಳೆ. ಆಸ್ತಿಯ ಭಾಗದಲ್ಲಿ, ನಾವು ಅವಳ ಹೆಸರಿಗೆ ಬರೆದಿಟ್ಟ ಸೊಸೈಟಿ ಸೈಟಿನ ಬೆಲೆ ಕೇಳಿದ್ದೀರಿ. ಅದು ಬಿ ಖಾತಾ, ಇ-ಖಾತಾ ಇನ್ನೂ ಆಗಿಲ್ಲ. ಆ ಸೈಟು ನಮ್ಮದೇ ಎಂದು ಪಾಲಿಕೆಗೇ ಇನ್ನೂ ಖಾತ್ರಿಯಿಲ್ಲ. ಅದನ್ನು ತೋರಿಸಿ ಯಾರಾದರೂ ಅವಳನ್ನು ಹೆದರಿಸಿ ಗುಟ್ಟು ಹೊರಡಿಸುತ್ತಾರೆ ಎಂದಾದರೆ, ಅಂಥ ಗಟ್ಟಿಗನನ್ನು ಮೊದಲು ನಮ್ಮ ಖಾತಾ ಮಾಡಿಸಲು ಕಳಿಸಿಕೊಡಿ.

ಅನ್ಯಾಯದ ಮಾತು ಆಡಬಾರದು. ನಿಮ್ಮ ಕಡೆಯ ಪದ್ಧತಿಯಲ್ಲಿ ಒಂದು ಸೌಜನ್ಯವಿದೆ. ಬೇಡವೆನ್ನುವುದಾದರೆ ಯಾಕೆ ಬೇಡ ಎಂದು ಪಟ್ಟಿ ಮಾಡಿ ಕೈಗೆ ಕೊಡುತ್ತೀರಿ. ಗುತ್ತಿಗೆ ಕಂಪನಿಯ ನೌಕರರು ನ್ಯಾಯಾಧಿಕಾರಿಯ ಮುಂದೆ ಕೂತು ತಮ್ಮ ಮಾತು ಹೇಳಬಹುದು. ಆ ತೀರ್ಪುಗಳನ್ನು ಹೆಸರು ಅಳಿಸಿ ಪ್ರಕಟಿಸುತ್ತೀರಿ. ಅಂಥ ತೀರ್ಪುಗಳಲ್ಲಿ ಬಂಧು ಇರುವ ದೇಶ ಯಾವುದು, ಆತನ ಕೆಲಸವೇನು, ಅಮೆರಿಕದಲ್ಲಿ ಅರ್ಜಿದಾರರ ಬೇರು ಎಷ್ಟು ಆಳಕ್ಕಿಳಿದಿದೆ ಎಂದು ತೂಗಿ ನೋಡುತ್ತಾರೆ. ಭಾರತ ಸ್ನೇಹಿತ ದೇಶ ಎಂದು ಮೊದಲೇ ಒಪ್ಪಿಕೊಳ್ಳುತ್ತಾರೆ, ಆಮೇಲೆ ಕೆಮ್ಮಿ, ಆದರೂ ಎನ್ನುತ್ತಾರೆ. ಸಂಶಯ ಉಳಿದರೆ ಅದರ ಲಾಭ ದೇಶಕ್ಕೇ ಹೊರತು ಅರ್ಜಿದಾರರಿಗಲ್ಲ. ಇಂಥ ಅನುಮತಿ ಯಾರ ಹಕ್ಕೂ ಅಲ್ಲ ಎಂದು ನಿಮ್ಮ ಸುಪ್ರೀಂ ಕೋರ್ಟು 1988ರಲ್ಲಿ ಈಗನ್ ಪ್ರಕರಣದಲ್ಲಿ ಹೇಳಿ ಆಗಿದೆ. ಸರಿ, ಹಕ್ಕಲ್ಲ.

ಎಲ್ಲ ಅಳಿಯಂದಿರಿಗೂ ಇಷ್ಟೇ ಕಟ್ಟುನಿಟ್ಟೇ ಎಂಬ ಕುತೂಹಲ ಮಾತ್ರ ಉಳಿಯಿತು. ಟ್ರಂಪ್ ಅವರ ಅಳಿಯ ಜ್ಯಾರೆಡ್ ಕುಶ್ನರ್ 2017ರಲ್ಲಿ ಇದೇ ಫಾರಂ ಅನ್ನು ಮತ್ತೆ ಮತ್ತೆ ತಿದ್ದಿ, ಬಿಟ್ಟುಹೋಗಿದ್ದ ನೂರಕ್ಕೂ ಹೆಚ್ಚು ವಿದೇಶಿ ಸಂಪರ್ಕಗಳನ್ನು ಸೇರಿಸಬೇಕಾಯಿತು. 2018ರಲ್ಲಿ ಅವರಿಗೆ ಕಾಯಂ ಅನುಮತಿ ಸಿಕ್ಕಿತು. ಅಧಿಕಾರಿಗಳು ಹಿಂದೇಟು ಹಾಕಿದಾಗ ಮಾವನೇ ಕೊಡಿಸಿದರು ಎಂದು ನ್ಯೂಯಾರ್ಕ್ ಟೈಮ್ಸ್ 2019ರ ಫೆಬ್ರವರಿಯಲ್ಲಿ ಬರೆಯಿತು. ನಾನೂ ಒಬ್ಬ ಮಾವನೇ. ನನ್ನ ಅಳಿಯನಿಗೆ ಒಂದು ಗ್ಯಾಸ್ ಸಿಲಿಂಡರ್ ಬೇಗ ಕೊಡಿಸುವ ಶಕ್ತಿಯೂ ನನಗಿಲ್ಲ.

ಇನ್ನು ನಮ್ಮ ಕಡೆಯ ಅಧಿಕಾರಿಗಳೇ, ನೀವು ನಗಬೇಡಿ. ನನ್ನ ಮಗ ಕೇಂದ್ರದ ಸಂಸ್ಥೆಯೊಂದಕ್ಕೆ ಆಯ್ಕೆಯಾಗಿದ್ದಾನೆ. ಅವನ ಮುಂದೆ ನಿಮ್ಮ ಅಟೆಸ್ಟೇಷನ್ ಫಾರಂ ಬಿದ್ದಿದೆ. ಅಪ್ಪ, ಅಮ್ಮ, ಹೆಂಡತಿ, ಅಣ್ಣ ತಮ್ಮಂದಿರು, ಅಕ್ಕ ತಂಗಿಯರು, ಪ್ರತಿಯೊಬ್ಬರ ರಾಷ್ಟ್ರೀಯತೆ, ಹುಟ್ಟಿದ ಊರು, ಕಸುಬು, ವಿಳಾಸ. ಅಕ್ಕನ ಹೆಸರಿನ ಮುಂದೆ ‘ಅಮೆರಿಕ’ ಎಂದು ಬರೆದು ಪೆನ್ನು ಕೆಳಗಿಟ್ಟ. ಅಲ್ಲಿಗೆ ಲೆಕ್ಕ ಸರಿಹೋಯಿತು. ಅಕ್ಕನ ಫಾರಂನಲ್ಲಿ ತಮ್ಮ ವಿದೇಶಿ, ತಮ್ಮನ ಫಾರಂನಲ್ಲಿ ಅಕ್ಕ ವಿದೇಶಿ. ಇಬ್ಬರೂ ಯಲಹಂಕದ ಒಂದೇ ಆಸ್ಪತ್ರೆಯಲ್ಲಿ ಹುಟ್ಟಿದವರು.

ಅದೇ ಫಾರಂನಲ್ಲಿ, ಹೊರದೇಶದಲ್ಲಿ ಇದ್ದಿದ್ದರೆ ವಿವರ ಬರೆಯಿರಿ ಎನ್ನುವ ಕಡೆ ಆವರಣದೊಳಗೆ ‘ಪಾಕಿಸ್ತಾನವೂ ಸೇರಿದಂತೆ’ ಎಂದಿದೆ. ದೇಶ ಒಡೆದ ದಿನಗಳ ಕಳವಳ ಆ ಆವರಣದಲ್ಲಿ ಹಾಗೇ ಕೂತಿದೆ. ನನ್ನಂಥವನಿಗೆ ಅದು ಕಣ್ಣು ದಾಟಿಹೋಗುವ ಸಾಲು. ಭಟ್ಕಳದಲ್ಲಿ ಹಾಗಲ್ಲ. ಮದುವೆಯಾಗಿ ಬಂದು, ದೀರ್ಘಾವಧಿ ವೀಸಾದ ಮೇಲೆ ಎಷ್ಟೋ ವರ್ಷಗಳಿಂದ ಸಂಸಾರ ಮಾಡುತ್ತಿರುವ ಪಾಕಿಸ್ತಾನಿ ಪೌರತ್ವದ ಸೊಸೆಯಂದಿರು ಆ ಊರಿನ ಮನೆಗಳಲ್ಲಿದ್ದಾರೆ. ಪಹಲ್ಗಾಮ್ ದಾಳಿಯಾದ 2025ರ ಏಪ್ರಿಲ್‌ನಲ್ಲಿ ಅವರ ಹೆಸರುಗಳ ಪಟ್ಟಿ ಮತ್ತೆ ಹೊರಬಂತು. ಆ ಮನೆಯ ಹುಡುಗ ‘ತಾಯಿಯ ರಾಷ್ಟ್ರೀಯತೆ’ ಎಂಬ ಕಾಲಂ ತುಂಬುವಾಗ ನನ್ನ ಹಾಗೆ ತಮಾಷೆಯ ಪತ್ರ ಬರೆಯಲಾರ. ವಿದೇಶಿ ನಂಟು ಎಂದರೆ ಎಲ್ಲರಿಗೂ ಒಂದೇ ಅಲ್ಲ. ಮೇರಿಲ್ಯಾಂಡಿನ ಅಕ್ಕ ಇದ್ದರೆ ಹುಬ್ಬು ಸ್ವಲ್ಪ ಮೇಲೇರುತ್ತದೆ, ಕರಾಚಿಯ ಅಮ್ಮ ಇದ್ದರೆ ಕಡತ ಮೇಲೇಳುವುದೇ ಇಲ್ಲ.

ಈ ಪತ್ರ ಬರೆಯುತ್ತಿರುವ ಜಾಗದ ಬಗ್ಗೆಯೂ ನಾಲ್ಕು ಮಾತು ಹೇಳಬೇಕು. ನಮ್ಮ ಉತ್ತರ ಬೆಂಗಳೂರು ಬೆಳೆದಿದ್ದೇ ವಿದೇಶಿ ನಂಟಿನಿಂದ. 1953ರಲ್ಲಿ ಹುಟ್ಟಿದ ಎಚ್‌ಎಂಟಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕೈ ಹಿಡಿದು ನಡಿಗೆ ಕಲಿಯಿತು. ಅದರ ಕೈಗಡಿಯಾರಕ್ಕೆ ಜಪಾನಿನ ಸಿಟಿಜನ್ ಕಂಪನಿ ತಂತ್ರಜ್ಞಾನ ಕೊಟ್ಟಿತು. ಎಚ್‌ಎಂಟಿ ಹುಟ್ಟಿದ ಮರುವರ್ಷ ಬಂದ ಬಿಇಎಲ್‌ಗೆ ಫ್ರಾನ್ಸಿನ ಸಿಎಸ್‌ಎಫ್. ಈಗ ದೇವನಹಳ್ಳಿ ಕಡೆ 43 ಎಕರೆಯಲ್ಲಿ, 1,600 ಕೋಟಿ ರೂಪಾಯಿ ಸುರಿದು ಕಟ್ಟಿದ ಬೋಯಿಂಗ್ ಕೇಂದ್ರವನ್ನು 2024ರ ಜನವರಿ 19ರಂದು ಪ್ರಧಾನಿಯೇ ಉದ್ಘಾಟಿಸಿದರು. ಕಾರ್ಖಾನೆಗೆ ನಂಟಸ್ತಿಕೆಯಾದರೆ ಸಹಯೋಗ, ಕಾರ್ಮಿಕನಿಗಾದರೆ ಅಪಾಯ.

ಏರೋ ಇಂಡಿಯಾ ನೋಡಿ. 1996ರಿಂದ ನಮ್ಮ ಯಲಹಂಕ ವಾಯುನೆಲೆಯಲ್ಲೇ ನಡೆಯುತ್ತಿದೆ. 2025ರ ಫೆಬ್ರವರಿಯಲ್ಲಿ ಅಮೆರಿಕದ ಎಫ್-35, ರಷ್ಯದ ಸು-57 ಎರಡೂ ಬಂದಿದ್ದವು. ಜಗತ್ತಿನಲ್ಲಿ ಒಂದರ ಮುಖ ಒಂದು ನೋಡದ ಆ ವಿಮಾನಗಳು ನಮ್ಮ ಮನೆಯ ತಾರಸಿಯ ಮೇಲೆ ಸರದಿಯಲ್ಲಿ ಗುಡುಗಿದವು. ಎರಡೂ ದೇಶದ ಅಧಿಕಾರಿಗಳು ಒಂದೇ ಆವರಣದಲ್ಲಿ ಕಾಫಿ ಕುಡಿದರು. ಯಾರಿಗೂ ಅದರಲ್ಲಿ ಅಪಾಯ ಕಾಣಲಿಲ್ಲ. ಅಪಾಯ ಕಂಡಿದ್ದು ನಮ್ಮ ಕುರಿಮಾಂಸದ ಅಂಗಡಿಯಲ್ಲಿ. ಬಿಬಿಎಂಪಿ ವಾಯುನೆಲೆಯ ಸುತ್ತ 13 ಕಿಲೋಮೀಟರ್ ಒಳಗೆ ಮಾಂಸ ಮಾರುವಂತಿಲ್ಲ, ಬಡಿಸುವಂತಿಲ್ಲ ಎಂದು ಜನವರಿ 23ರಿಂದ ಫೆಬ್ರವರಿ 17ರವರೆಗೆ ಬಾಗಿಲು ಹಾಕಿಸಿತು. ಎಸೆದ ಮಾಂಸಕ್ಕೆ ಹದ್ದುಗಳು ಬಂದು ವಿಮಾನಕ್ಕೆ ಬಡಿಯುತ್ತವೆ ಎನ್ನುವುದು ಕಾರಣ. ಆ ಕಾರಣ ಸರಿಯಾದದ್ದೇ. ಅಂಗಡಿಯವನಿಗೂ ಅರ್ಥವಾಗಿತ್ತು. ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಆದೇಶದಲ್ಲೇ ಬರೆದಿತ್ತು. ನನ್ನ ಮಕ್ಕಳ ಕಡತಕ್ಕೆ ಅಷ್ಟೂ ಭಾಗ್ಯವಿಲ್ಲ.

ಸಂಬಂಧವನ್ನೇ ಅಪಾಯವೆಂದು ಬರೆದಿಡುವ ಚಟ ಹಳೆಯದು. ಕೊಡಗಿನ ವಿರಾಜಪೇಟೆಯಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮ 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ ಎಂದು ಅವರಿಂದ ಬರೆಸಿಕೊಂಡಿದ್ದರು. ಸೇವೆಯಲ್ಲಿರುವ ಹೆಣ್ಣು ಮದುವೆಗೆ ಮೊದಲು ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು, ಸಂಸಾರ ಕೆಲಸಕ್ಕೆ ಅಡ್ಡಿ ಎನಿಸಿದರೆ ಹೊರನಡೆಯಬೇಕು ಎಂಬ ನಿಯಮ ಗಂಡಸರಿಗಿರಲಿಲ್ಲ. ಬಡ್ತಿ ತಪ್ಪಿಸಿದಾಗ ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ನಿಯಮಗಳ ಗಂಡುದರ್ಪವನ್ನು ಚೆನ್ನಾಗಿ ಜಾಡಿಸಿದರು. ಅಷ್ಟರೊಳಗೆ ಸರ್ಕಾರ ಬಡ್ತಿ ಕೊಟ್ಟು, ನಿಯಮ ತೆಗೆಯುವುದಾಗಿ ಹೇಳಿ ಜಾಣತನ ತೋರಿಸಿತ್ತು. ಮುತ್ತಮ್ಮ ಮದುವೆಯಾಗಲೇ ಇಲ್ಲ. 2009ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ನಮ್ಮ ಮನೆಯಿಂದ ಸ್ವಲ್ಪವೇ ದೂರದ ವಿದ್ಯಾರಣ್ಯಪುರದಲ್ಲಿ ಕೊನೆಯ ವರ್ಷಗಳನ್ನು ಕಳೆದ ಕೆ. ಚಂದ್ರಶೇಖರ್ ಅವರ ಕತೆ ಇದಕ್ಕಿಂತ ಕಹಿ. ಅವರು ರಷ್ಯದ ಗ್ಲಾವ್‌ಕಾಸ್ಮೋಸ್ ಕಂಪನಿಯ ಭಾರತದ ಪ್ರತಿನಿಧಿ. ಇಸ್ರೊಗೆ ಕ್ರಯೋಜನಿಕ್ ಎಂಜಿನ್ ತಂತ್ರಜ್ಞಾನ ಕೊಡಲು 1991ರಲ್ಲಿ ಒಪ್ಪಂದ ಮಾಡಿಕೊಂಡಿದ್ದ ಕಂಪನಿ ಅದು. ಆ ಒಪ್ಪಂದದ ಕಾರಣಕ್ಕೆ ಅಮೆರಿಕ 1992ರಲ್ಲಿ ಇಸ್ರೊ ಮತ್ತು ಗ್ಲಾವ್‌ಕಾಸ್ಮೋಸ್ ಎರಡರ ಮೇಲೂ ನಿರ್ಬಂಧ ಹೇರಿತು. ಮರುವರ್ಷ ರಷ್ಯ ತಂತ್ರಜ್ಞಾನ ಕೊಡುವ ಮಾತಿನಿಂದ ಹಿಂದೆ ಸರಿಯಿತು. 1994ರಲ್ಲಿ ತಿರುವನಂತಪುರದಲ್ಲಿ ಬೇಹುಗಾರಿಕೆ ಪ್ರಕರಣ ಎದ್ದಿತು. ಮಾಲ್ದೀವ್ಸ್‌ನ ಇಬ್ಬರು ಮಹಿಳೆಯರು, ನಂಬಿ ನಾರಾಯಣನ್ ಸೇರಿದಂತೆ ಇಸ್ರೊ ವಿಜ್ಞಾನಿಗಳು, ಜೊತೆಗೆ ಬೆಂಗಳೂರಿನ ಚಂದ್ರಶೇಖರ್ ಮತ್ತು ಗುತ್ತಿಗೆದಾರ ಎಸ್‌.ಕೆ. ಶರ್ಮ ಒಳಗೆ ಹೋದರು. ಆ ಮಹಿಳೆಯರಲ್ಲಿ ಒಬ್ಬರ ಮಗಳು ಬೆಂಗಳೂರಿನ ಶಾಲೆಯಲ್ಲಿ ಓದುತ್ತಿದ್ದಳು. ಒಂದು ಮಗುವಿನ ಶಾಲೆ, ಒಂದಿಷ್ಟು ಪರಿಚಯ, ಒಂದೆರಡು ಫೋನ್ ನಂಬರ್. ರಕ್ತಸಂಬಂಧ ಕೂಡ ಬೇಕಾಗಲಿಲ್ಲ. ವಿದೇಶಿ ಏಜೆಂಟನ ಹೆಸರು, ವಿಳಾಸ ನಿಮ್ಮ ಬಳಿ ಸಿಕ್ಕರೆ ಸಂಪರ್ಕವಿತ್ತು ಎಂದು ಭಾವಿಸಿಕೊಳ್ಳಲು ಅವಕಾಶ ಕೊಡುವ 1923ರ ಅಧಿಕೃತ ರಹಸ್ಯಗಳ ಕಾಯ್ದೆ ಹೇಗೂ ಇತ್ತಲ್ಲ. ಅದನ್ನು ಬ್ರಿಟಿಷರು ನಮ್ಮ ಮೇಲೆ ಕಣ್ಣಿಡಲು ಮಾಡಿದ್ದರು, ನಾವು ಜೋಪಾನವಾಗಿ ಇಟ್ಟುಕೊಂಡಿದ್ದೇವೆ.

1996ರಲ್ಲಿ ಸಿಬಿಐ ಪ್ರಕರಣವೇ ಸುಳ್ಳು ಎಂದಿತು. 1998ರಲ್ಲಿ ಸುಪ್ರೀಂ ಕೋರ್ಟು ಮರುತನಿಖೆಯನ್ನೂ ತಳ್ಳಿಹಾಕಿತು. ಅಷ್ಟಾದರೂ ಚಂದ್ರಶೇಖರ್ ಜನರಿಂದ ದೂರ ಸರಿದೇ ಬದುಕಿದರು. ಅವರ ಪತ್ನಿ ಎಚ್‌ಎಂಟಿಯಲ್ಲಿ ದೊಡ್ಡ ಹುದ್ದೆಯವರೆಗೆ ಏರಿ ನಿವೃತ್ತರಾದವರು. 2018ರ ಸೆಪ್ಟೆಂಬರ್ 14ರಂದು ಸುಪ್ರೀಂ ಕೋರ್ಟು ನಂಬಿ ನಾರಾಯಣನ್ ಅವರಿಗೆ 50 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದಿತು, ಪೊಲೀಸರ ಪಾತ್ರ ನೋಡಲು ಸಮಿತಿ ಮಾಡಿತು. ತೀರ್ಪು ಹೊರಬಿದ್ದಾಗ ಚಂದ್ರಶೇಖರ್ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದರು. ಎರಡು ದಿನ ಬಿಟ್ಟು ತೀರಿಕೊಂಡರು. ಇಪ್ಪತ್ತನಾಲ್ಕು ವರ್ಷ ಕಾದ ಮಾತು ಅವರ ಕಿವಿಗೆ ಬೀಳಲಿಲ್ಲ. ಅಧಿಕಾರಿಗಳೇ, ಇಲ್ಲಿ ನನಗೆ ವ್ಯಂಗ್ಯ ಹೊಳೆಯುತ್ತಿಲ್ಲ.

ಹಾಗಾದರೆ ಕೇಳಲೇಬಾರದೇ? ಕೇಳಿ. ಕಾವಲುಗಾರ ಕೇಳದಿದ್ದರೆ ಕಾವಲು ಯಾಕೆ. ಆದರೆ ಎಲ್ಲ ಕಾಲಂಗಳಲ್ಲೂ ‘ಇಲ್ಲ’ ಎಂದು ಬರೆದವನನ್ನು ಕಂಡು ನೀವು ನಿಟ್ಟುಸಿರು ಬಿಡುತ್ತೀರಲ್ಲ, ಅದು ನನಗೆ ದಿಗಿಲು. ಕಾರವಾರದ ಕದಂಬ ನೌಕಾನೆಲೆಯ ಮಾಹಿತಿ ಹೊರಗೆ ಹೋದ ಆರೋಪದಲ್ಲಿ 2025ರ ಫೆಬ್ರವರಿಯಲ್ಲಿ ಎನ್‌ಐಎ ಹಿಡಿದಿದ್ದು ಉತ್ತರ ಕನ್ನಡದವರೇ ಆದ ಇಬ್ಬರನ್ನು. ಆರೋಪದಲ್ಲಿರುವ ದಾರಿ ಅತ್ತೆ ಮನೆಯದಲ್ಲ, ಫೇಸ್‌ಬುಕ್ಕಿನಲ್ಲಿ ಸ್ನೇಹ ಬೆಳೆಸಿದ ಹೆಣ್ಣಿನದು ಮತ್ತು ದುಡ್ಡಿನದು. ಅತ್ತೆಯ ಪಾಸ್‌ಪೋರ್ಟ್ ಬಣ್ಣ ಕೇಳುವ ಫಾರಂ ಅಂಥವನ್ನು ಹಿಡಿಯಲಾರದು.

ಕೊನೆಯದಾಗಿ ಕಾರಣದ ಮಾತು. ಮಲಯಾಳಂನ ಮೀಡಿಯಾಒನ್ ಚಾನೆಲ್ಲಿಗೆ ಗೃಹ ಇಲಾಖೆ ಭದ್ರತಾ ಅನುಮತಿ ಕೊಡಲಿಲ್ಲ. ಯಾಕೆ ಎಂದರೆ, ಕೋರ್ಟಿನ ಕೈಗೆ ಮುಚ್ಚಿದ ಲಕೋಟೆ. 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ರಾಷ್ಟ್ರೀಯ ಭದ್ರತೆ ಎಂದೊಡನೆ ಸಹಜ ನ್ಯಾಯ ಮನೆಗೆ ಹೋಗುವುದಿಲ್ಲ ಎಂಬುದು ಅದರ ತಾತ್ಪರ್ಯ. ಎರಡು ವರ್ಷದ ಮೇಲೆ, 2025ರ ಮೇ 15ರಂದು, ನಮ್ಮ ದೇವನಹಳ್ಳಿ ಸೇರಿ ಒಂಬತ್ತು ವಿಮಾನ ನಿಲ್ದಾಣಗಳಲ್ಲಿ ಸಾಮಾನು ಸಾಗಣೆಯಂಥ ನೆಲದ ಕೆಲಸ ನೋಡುತ್ತಿದ್ದ, ಟರ್ಕಿ ಮೂಲದ ಸೆಲೆಬಿ ಕಂಪನಿಯ ಅನುಮತಿಯನ್ನು ಒಂದೇ ದಿನದಲ್ಲಿ ವಾಪಸು ಪಡೆದರು. ಕಾರಣ ರಾಷ್ಟ್ರೀಯ ಭದ್ರತೆ, ಮತ್ತೆ ಲಕೋಟೆ. ಜುಲೈ 7ರಂದು ದೆಹಲಿ ಹೈಕೋರ್ಟು ಸರ್ಕಾರದ ಪರ ನಿಂತಿತು. ಸರ್ಕಾರದ ಅನುಮಾನ ನಿಜವೇ ಇರಬಹುದು. ಕಂಪನಿಯಾದರೆ ದೊಡ್ಡ ವಕೀಲರನ್ನು ಇಟ್ಟು ಸೋಲುತ್ತದೆ. ವಿಮಾನ ನಿಲ್ದಾಣದ ಪಾಸಿಗೆ ಪೊಲೀಸ್ ತನಿಖೆ ಕಾಯುತ್ತ ಕೂತ ಚಿಕ್ಕಜಾಲದ ಹುಡುಗ ಯಾವ ವಕೀಲನನ್ನು ಇಡಬೇಕು?

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ಮಗಳ ಅರ್ಜಿಯನ್ನೂ ಮಗನ ಅರ್ಜಿಯನ್ನೂ ಬೇಕಾದಷ್ಟು ಜಾಲಾಡಿ. ನನ್ನ ಮನೆಗೆ ಬನ್ನಿ, ಬೀಗರ ಮನೆಗೂ ಹೋಗಿ, ಹೋಳಿಗೆಯ ವಿಚಾರ ಮಾತ್ರ ಎತ್ತಬೇಡಿ. ಕೊಡುವುದಾದರೆ ಕೊಡಿ. ಇಲ್ಲವೆನ್ನುವುದಾದರೆ ಯಾಕೆ ಇಲ್ಲ ಎಂದು ಒಂದು ಹಾಳೆಯಲ್ಲಿ ಬರೆದು, ಸಹಿ ಹಾಕಿ, ತಾರೀಖು ನಮೂದಿಸಿ ಕೊಡಿ. ಉತ್ತರಿಸಲು ಅವರಿಗೆ ಮೂವತ್ತು ದಿನ ಕೊಡಿ. ಅಕ್ಕನಿಗೆ ಆ ದೇಶ ಕೊಡುವಷ್ಟನ್ನು ತಮ್ಮನಿಗೆ ಈ ದೇಶ ಕೊಡಲಿ.

ಇಂತಿ ತಮ್ಮ ವಿಶ್ವಾಸಿ,
ಮಗಳ ಫಾರಂನ ವಿದೇಶಿ, ಮಗನ ಫಾರಂನ ಭಾರತೀಯ

ಪ್ರತಿ: ಆರ್‌.ಟಿ. ನಗರದ ಬೀಗರಿಗೆ, ಮಾಹಿತಿಗಾಗಿ.